ಏಣಿಗಾಗಿ ಕಟ್ಟಿದ ತಂಡ

ಅಕ್ಟೋಬರ್ 6

ಕೋಚ್ ಸಾಹೇಬರಿಗೆ,

ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ ಎಂದೆಲ್ಲ ಬರೆಯುವುದಿಲ್ಲ. ನಂಬಿದ್ದರೆ ಕಾಗದ ಯಾಕೆ ಬರೆಯುತ್ತಿದ್ದೆ? ಫೋನಿನಲ್ಲಿ ನಾವಿಬ್ಬರೂ ಜಗಳವಿಲ್ಲದೆ ಮಾತು ಮುಗಿಸಿದ್ದು ನನಗೆ ನೆನಪಿಲ್ಲ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕಲಾರೆ, ನಾನು ಫೋನ್ ಕುಕ್ಕಲಾರೆ. ಇದೇ ಇರಲಿ.

ಪುಟ್ಟ ಹೇಗಿದ್ದಾನೆ? ಮೂವತ್ತಮೂರು ತುಂಬಿದವನನ್ನು ಪುಟ್ಟ ಎಂದು ಕರೆಯುವುದನ್ನು ಇನ್ನಾದರೂ ನಿಲ್ಲಿಸಬೇಕು, ಆದರೆ ಮನೆಯ ಕೊನೆಯವನಿಗೆ ಬೇರೆ ಹೆಸರು ನನ್ನ ನಾಲಿಗೆಗೆ ಬರುವುದಿಲ್ಲ. ಅವನ ಹೆಂಡತಿ ತೀರಿಕೊಂಡ ವರ್ಷ ಅವನು ಮಹಡಿಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದು ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಬಂದು ಅತ್ತೆ, ಬೈದೆ, ತುತ್ತು ಮಾಡಿ ಬಾಯಿಗಿಟ್ಟೆ. ಏನೂ ಆಗಲಿಲ್ಲ. ನೀನು ಒಂದು ಬೆಳಿಗ್ಗೆ ಒಳಗೆ ಹೋಗಿ, ಮಾತಿಲ್ಲದೆ ಅವನ ಕಾಲಿಗೆ ಶೂ ಹಾಕಿ ಲೇಸು ಕಟ್ಟಿದೆ, ಎಬ್ಬಿಸಿ ಬಾಸ್ಕೆಟ್‌ಬಾಲ್ ಅಂಗಳಕ್ಕೆ ಕರೆದುಕೊಂಡು ಹೋದೆ. ಅವತ್ತಿನಿಂದ ಅವನು ಏಳುತ್ತಿದ್ದಾನೆ, ನಿನ್ನ ತಂಡದಲ್ಲಿ ಆಡುತ್ತಿದ್ದಾನೆ. ನಿನ್ನ ಮೇಲೆ ನನಗೆ ನೂರೆಂಟು ಸಿಟ್ಟಿದ್ದರೂ ಆ ಒಂದು ಬೆಳಿಗ್ಗೆಗಾಗಿ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೇನೆ.

ಇಲ್ಲಿ ನನ್ನ ಫಿಸಿಯೋಥೆರಪಿ ಕೋಣೆಯಲ್ಲಿ ಅದೇ ಎರಡು ಮಂಚ, ಅದೇ ಹಸಿರು ಪರದೆ. ಹೊಸದಾಗಿ ಬರುತ್ತಿರುವ ಒಬ್ಬ ರೋಗಿಗೆ ಮಂಚ ಸಾಲುವುದಿಲ್ಲ. ತುದಿಗೊಂದು ಸ್ಟೂಲು ಇಟ್ಟು ಅದರ ಮೇಲೆ ಕಾಲು ಚಾಚಿಸುತ್ತೇನೆ. ಪ್ರತಿ ಸಲವೂ ಆತ “ನಿಮ್ಗೆ ತೊಂದ್ರೆ ಕೊಟ್ಟೆ ಮೇಡಂ” ಅನ್ನುತ್ತಾನೆ, ಅಷ್ಟುದ್ದ ಬೆಳೆದದ್ದು ತನ್ನದೇ ತಪ್ಪು ಎನ್ನುವ ಹಾಗೆ. ಪಾಪ ಅನ್ನಿಸುತ್ತದೆ, ನಗುವೂ ಬರುತ್ತದೆ.

ಬರೆ.

ನಿನ್ನ ಅಕ್ಕ


ಅಕ್ಟೋಬರ್ 21

ಅಕ್ಕನಿಗೆ,

ಪುಟ್ಟನ ಚಿಂತೆ ಬಿಡು. ನಾನು ಏಳುವ ಮೊದಲೇ ಎದ್ದು, ಶೂ ಹಾಕಿಕೊಂಡು, ಬಂದು ನನ್ನ ಬಾಗಿಲು ಬಡಿಯುತ್ತಾನೆ. ಈಗ ನಿದ್ದೆ ಕೆಡುವುದು ನನ್ನದು.

ನನ್ನ ಸುದ್ದಿ ಕೇಳು. ನಿನಗೆ ಆಟದ ಗಂಧಗಾಳಿ ಇಲ್ಲವಾದ್ದರಿಂದ ಬಿಡಿಸಿ ಹೇಳುತ್ತೇನೆ. ನಮ್ಮ ಲೀಗಿನಲ್ಲಿ ಮೊದಲ ನಾಲ್ಕು ತಂಡಗಳು ಸೆಮಿಫೈನಲ್‌ಗೆ ಹೋಗುತ್ತವೆ. ಮೊದಲನೆಯವರಿಗೂ ನಾಲ್ಕನೆಯವರಿಗೂ ಎರಡು ಪಂದ್ಯ, ಇವರ ಊರಲ್ಲೊಂದು, ಅವರ ಊರಲ್ಲೊಂದು. ನೀನಿರುವ ಊರಿನ ತಂಡ ವರ್ಷವರ್ಷವೂ ಮೊದಲು, ನಾವು ವರ್ಷವರ್ಷವೂ ನಾಲ್ಕು. ಹೀಗಾಗಿ ಮೂರು ವರ್ಷದಿಂದ ಅವರ ಕೈಯಲ್ಲೇ ಮಣ್ಣು ಮುಕ್ಕುತ್ತಿದ್ದೇವೆ. ತಂಡದ ಕೈಯಲ್ಲಿ ಎನ್ನುವುದಕ್ಕಿಂತ ಒಬ್ಬನ ಕೈಯಲ್ಲಿ. ಅವನನ್ನು ನಾವು ಏಣಿ ಅನ್ನುತ್ತೇವೆ. ಬುಟ್ಟಿಯ ಕೆಳಗೆ ನಿಂತು ಕೈ ಎತ್ತಿದರೆ ಮುಗಿಯಿತು, ಚೆಂಡು ಒಳಗೆ.

ಅವನನ್ನು ತಡೆಯಬೇಕಾದರೆ ಮೈಗೆ ಮೈ ಕೊಟ್ಟು ನೂಕಬೇಕು. ನೂಕಿದರೆ ಫೌಲ್. ಐದು ಫೌಲ್ ಆದರೆ ಆಟಗಾರ ಹೊರಗೆ. ನಮ್ಮಲ್ಲಿದ್ದ ಒಬ್ಬನೇ ಉದ್ದದವನು ಅರ್ಧ ಆಟಕ್ಕೆ ಹೊರಗೆ ಬಂದು ಕೂರುತ್ತಿದ್ದ, ಆಮೇಲೆ ಏಣಿಯನ್ನು ಕೇಳುವವರೇ ಇರಲಿಲ್ಲ. ಈ ಸಲ ಮೂವರು ದಾಂಡಿಗರನ್ನು ತಂದಿದ್ದೇನೆ. ಹುಡುಗರು ಆಗಲೇ ಅವರಿಗೆ ಬೀರು, ಮೂಟೆ, ರೋಡ್‌ರೋಲರ್ ಎಂದು ಹೆಸರಿಟ್ಟಿದ್ದಾರೆ. ಮೂವರ ಕೈಯಲ್ಲಿ ಹದಿನೈದು ಫೌಲ್. ಒಬ್ಬ ಮುಗಿದರೆ ಇನ್ನೊಬ್ಬ. ಫೌಲ್ ಆದವನಿಗೆ ಯಾರೂ ಅಡ್ಡ ಬಾರದೆ ಬುಟ್ಟಿಗೆ ಎಸೆಯಲು ಫ್ರೀ ಥ್ರೋ ಸಿಗುತ್ತದೆ; ಏಣಿ ಅದರಲ್ಲಿ ಎಡವಟ್ಟು, ಅರ್ಧಕ್ಕರ್ಧ ತಪ್ಪುತ್ತಾನೆ. ಹೊಡೆಸಿಕೊಳ್ಳಲಿ, ಎಸೆಯಲಿ, ತಪ್ಪಲಿ. ಈ ಉಪಾಯ ನನ್ನ ತಲೆಗೆ ಮೂರು ವರ್ಷ ಹಿಂದೆಯೇ ಯಾಕೆ ಹೊಳೆಯಲಿಲ್ಲ ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದೇನೆ.

ನಿನ್ನಿಂದ ಒಂದು ಉಪಕಾರ ಆಗಬೇಕು. ಅವರ ಅಭ್ಯಾಸದ ಅಂಗಳ ನಿನ್ನ ಕ್ಲಿನಿಕ್‌ನಿಂದ ಎರಡೇ ಬೀದಿ. ಒಂದು ಸಂಜೆ ಹೋಗಿ ಅವನನ್ನು ನೋಡಿ ಬಾ. ಜಿಗಿದು ಇಳಿಯುವಾಗ ಯಾವ ಕಾಲು ಊರುತ್ತಾನೆ, ಎಷ್ಟು ಹೊತ್ತಿಗೆ ಏದುಸಿರು ಬಿಡುತ್ತಾನೆ? ಮೈ ನೋಡಿ ಹೇಳುವುದು ನಿನ್ನ ಕಸುಬೇ ಅಲ್ಲವೇ.

ತಮ್ಮ


ನವೆಂಬರ್ 2

ತಮ್ಮನಿಗೆ,

ಆ ಮನುಷ್ಯನ ಬಗ್ಗೆ ನನ್ನನ್ನು ಏನೂ ಕೇಳಬೇಡ. ನಾನು ನೋಡಲು ಹೋಗುವುದಿಲ್ಲ. ಯಾಕೆ ಎಂದೂ ಕೇಳಬೇಡ.

ನಾನು ಕೇಳುವುದು ಒಂದೇ. ನಿನ್ನ ತಂಡಕ್ಕೆ ಮೂವರು ಹೊಸಬರು ಬಂದರೆ ಮೂವರು ಹಳಬರು ಹೋಗಬೇಕಲ್ಲ, ಆ ಮೂವರು ಯಾರು?

ಅಕ್ಕ


ನವೆಂಬರ್ 20

ಡಾಕ್ಟರಮ್ಮನವರಿಗೆ,

ಆ ಊರಿನ ನೀರು ಕುಡಿದು ನೀನು ಅವರ ಪಕ್ಷ ಸೇರಿದ್ದೀಯ ಎಂದು ಗೊತ್ತಿರಲಿಲ್ಲ. ಹತ್ತು ನಿಮಿಷ ಒಂದು ಬೆಂಚಿನ ಮೇಲೆ ಕೂತು ನೋಡಿ ಬಾ ಎಂದರೆ, ಮನೆ ಬರೆದುಕೊಡು ಎಂದವನಿಗೆ ಉತ್ತರ ಕೊಟ್ಟ ಹಾಗೆ ಕೊಟ್ಟಿದ್ದೀಯ. ಇರಲಿ. ನಾನು ಬೇರೆ ಕಡೆ ವಿಚಾರಿಸಿದ್ದೇನೆ. ಏಣಿಯನ್ನು ಲೀಗ್ ಪಂದ್ಯಗಳಲ್ಲಿ ಬೆಂಚಿನ ಮೇಲೆ ಕೂರಿಸಿದ್ದಾರೆ. ಕಳೆದ ವರ್ಷವೂ ಹೀಗೇ ಕೂರಿಸಿ, ನಾಕೌಟಿಗೆ, ಅಂದರೆ ಸೆಮಿಫೈನಲ್‌ಗೆ, ತಾಜಾ ಇಟ್ಟುಕೊಂಡು ನಮ್ಮನ್ನು ಹುರಿದು ಮುಕ್ಕಿದ್ದರು. ಅವರ ಮನಸ್ಸು ನನಗೆ ಅಂಗೈಯಷ್ಟು ಸ್ಪಷ್ಟ.

ಹೊರಗೆ ಹೋಗುವವರು ಯಾರೆಂದು ಕೇಳಿದ್ದೀಯ. ನಾಕೌಟಿಗೆ ಹನ್ನೆರಡು ಜನರ ಪಟ್ಟಿಯನ್ನು ಜನವರಿ ಹತ್ತರೊಳಗೆ ಕೊಡಬೇಕು, ಆಮೇಲೆ ದೇವರು ಬಂದರೂ ಒಂದು ಹೆಸರು ಬದಲಾಗುವುದಿಲ್ಲ. ಹಳಬರಲ್ಲಿ ಎಲೆಕ್ಟ್ರಿಷಿಯನ್ ಕೆಲಸದವನು ತಾನೇ ಹಿಂದೆ ಸರಿದ. ಬ್ಯಾಂಕಿನವನಿಗೆ ಹೇಳಿದೆ, ಅವನು ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾದ. ಮೂರನೆಯ ಹೆಸರನ್ನು ಇನ್ನೂ ಬರೆದಿಲ್ಲ.

ಪೆನ್ನು ಎತ್ತಿಕೊಳ್ಳುತ್ತೇನೆ, ಇಡುತ್ತೇನೆ.

ತಮ್ಮ


ಡಿಸೆಂಬರ್ 8

ತಮ್ಮಾ,

ನೀನು ಬರೆಯದ ಹೆಸರು ನನಗೆ ಗೊತ್ತು. ಬೇಡ. ದಯವಿಟ್ಟು ಬೇಡ. ಅಕ್ಕನಾಗಿ ನಾನು ನಿನ್ನನ್ನು ದಯವಿಟ್ಟು ಎಂದು ಕೇಳಿದ್ದು ಇದೇ ಮೊದಲು ಎಂಬುದನ್ನಾದರೂ ಗಮನಿಸು.

ಆಟದ ಗಂಧಗಾಳಿ ನನಗಿಲ್ಲ ನಿಜ. ಆದರೆ ಒಂದು ಸಾಮಾನ್ಯ ಮಾತು ಹೇಳುತ್ತೇನೆ. ಒಂದೇ ಬೀಗ ನೋಡಿ ನೀನು ಕೀಲಿಕೈ ಮಾಡಿಸುತ್ತಿದ್ದೀಯ. ಅವರು ಬೀಗವನ್ನೇ ಬದಲಾಯಿಸಿದರೆ? ಆ ಮೂವರು ದಾಂಡಿಗರು ಒಬ್ಬ ಎತ್ತರದವನನ್ನು ನೂಕಬಲ್ಲರು. ಓಡುವವರು ಎದುರಿಗೆ ಬಂದರೆ? ಓಡುವವರ ಹಿಂದೆ ಓಡುವುದು ಪುಟ್ಟನ ಕೆಲಸ ಎಂದು ನೀನೇ ಎಷ್ಟು ಸಲ ಹೇಳಿಲ್ಲ. ಹನ್ನೆರಡರಲ್ಲಿ ಅವನಿಗೊಂದು ಜಾಗ ಇಡು. ಆಡಿಸಬೇಡ ಬೇಕಾದರೆ. ಅಂಗಿ ಹಾಕಿಕೊಂಡು ಬೆಂಚಿನ ಮೇಲೆ ಕೂತಿರಲಿ.

ಇನ್ನೊಂದು ಮಾತು. ಅಕ್ಟೋಬರ್‌ನಲ್ಲಿ ಒಬ್ಬ ರೋಗಿಯ ಬಗ್ಗೆ ಬರೆದಿದ್ದೆ, ನೆನಪಿದೆಯಾ? ಮಂಚದ ತುದಿಗೆ ಸ್ಟೂಲು ಇಡುತ್ತೇನೆ ಎಂದಿದ್ದೆ. ಆತ ಈಗಲೂ ವಾರಕ್ಕೆ ಮೂರು ಸಲ ಬರುತ್ತಾನೆ. ಈಗ ಸ್ಟೂಲಿನ ಮೇಲೆ ಎರಡು ದಿಂಬು ಬೇಕಾಗಿದೆ. ನನ್ನ ಮಂಚ ಎಲ್ಲರ ಮಂಚದಷ್ಟೇ ಉದ್ದ, ತಮ್ಮಾ. ಸಾಮಾನ್ಯ ಎತ್ತರದವರು ಯಾರೂ ಅದನ್ನು ದಾಟುವುದಿಲ್ಲ. ಈ ಸಾಲನ್ನು ಎರಡು ಸಲ ಓದು.

ಅಕ್ಕ


ಡಿಸೆಂಬರ್ 22

ಅಕ್ಕನಿಗೆ,

ಎರಡು ಸಲ ಓದಿದೆ. ಕ್ಲಿನಿಕ್‌ನವರಿಗೆ ಹೇಳಿ ಬಡಗಿಯನ್ನು ಕರೆಸಿ ಮಂಚ ಉದ್ದ ಮಾಡಿಸು. ಅಷ್ಟು ದೊಡ್ಡ ಕ್ಲಿನಿಕ್, ಒಂದು ಹಲಗೆಗೆ ಗತಿಯಿಲ್ಲವೇ? ನೀನು ಬೇರೆಯವರ ಕಾಲಿಗೆ ಕೊಡುವ ಗಮನದಲ್ಲಿ ಕಾಲುಭಾಗ ನನ್ನ ತಲೆನೋವಿಗೆ ಕೊಟ್ಟಿದ್ದರೆ ಚೆನ್ನಾಗಿತ್ತು.

ಪುಟ್ಟನಿಗೆ ಹೇಳಿದೆ. ಅಡುಗೆಮನೆಯಲ್ಲಿ ಅವನು ಪಾತ್ರೆ ಒರೆಸುತ್ತಿದ್ದ. ಎಷ್ಟೋ ಮಾತು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಕೊನೆಗೆ “ಈ ಸಲ ಹನ್ನೆರಡ್ರಲ್ಲಿ ನೀನಿಲ್ಲ ಕಣೋ” ಎಂದಷ್ಟೇ ಹೇಳಿದೆ. ಅವನು ಕೈಯಲ್ಲಿದ್ದ ತಟ್ಟೆಯನ್ನು ಪೂರ್ತಿ ಒರೆಸಿ ಇಟ್ಟ. “ಸರಿ ಅಣ್ಣ” ಎಂದ. ಇನ್ನೊಂದು ತಟ್ಟೆ ಎತ್ತಿಕೊಂಡು, ಅಭ್ಯಾಸದಲ್ಲಿ ಏಣಿಯ ಪಾತ್ರ ಯಾರು ಮಾಡುತ್ತಾರೆ ಎಂದು ಕೇಳಿದ. ಅಷ್ಟು ಎತ್ತರದವರು ನಮ್ಮಲ್ಲಿ ಯಾರಿದ್ದಾರೆ ಎಂದೆ. ತಾನು ಮಾಡುತ್ತೇನೆ ಎಂದ.

ನೀನು ನೋಡಬೇಕಿತ್ತು. ತಂಡದಲ್ಲೇ ಗಿಡ್ಡನಾದವನು ಉದ್ದ ಕೋಲಿನ ಪೊರಕೆಯೊಂದನ್ನು ತಲೆಯ ಮೇಲೆ ಎತ್ತಿ ಹಿಡಿದು ಬುಟ್ಟಿಯ ಕೆಳಗೆ ನಿಲ್ಲುತ್ತಾನೆ. ಏಣಿ ತಿರುಗುವ ಹಾಗೇ ಎಡಭುಜದಿಂದ ತಿರುಗುತ್ತಾನೆ, ಏಣಿ ನಡೆಯುವ ಹಾಗೇ ನಡೆಯುತ್ತಾನೆ. ಬೀರು, ಮೂಟೆ, ರೋಡ್‌ರೋಲರ್ ಸರದಿಯಂತೆ ಬಂದು ಅವನಿಗೆ ಗುದ್ದುತ್ತಾರೆ. ಬೀಳುತ್ತಾನೆ, ನಗುತ್ತಾ ಏಳುತ್ತಾನೆ, ಮತ್ತೆ ಪೊರಕೆ ಎತ್ತುತ್ತಾನೆ. ಹುಡುಗರು ನಕ್ಕು ನಕ್ಕು ಸುಸ್ತಾದರು. ಅವನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ನೀನೂ ಹಚ್ಚಿಕೊಳ್ಳಬೇಡ.

ಬೇಸಿಗೆಯಲ್ಲಿ ಕಪ್ ಹಿಡಿದುಕೊಂಡು ನಾವಿಬ್ಬರೂ ನಿನ್ನ ಮನೆಗೆ ಬರುತ್ತೇವೆ.

ತಮ್ಮ


ಜನವರಿ 5

ತಮ್ಮಾ,

ನಿನ್ನ ಏಣಿ ನನ್ನ ರೋಗಿ. ಸೆಪ್ಟೆಂಬರ್‌ನಿಂದ.

ಅವನ ಎಡ ಮಂಡಿ ಮುಗಿದಿದೆ. ಮೂಳೆಗಳ ನಡುವಿನ ಮೆತ್ತೆ ಸವೆದು ಹೋಗಿ ಮೂಳೆಗೆ ಮೂಳೆ ಉಜ್ಜುತ್ತಿದೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತಾನೆ. ಅವನು ನಾಕೌಟಿನಲ್ಲೂ ಆಡುವುದಿಲ್ಲ, ಇನ್ನು ಮುಂದೆಯೂ ಆಡುವುದಿಲ್ಲ. ನಿನ್ನೆ ಅವರ ಮ್ಯಾನೇಜರ್ ಬಂದು ಪರದೆಯ ಪಕ್ಕ ನಿಂತು ನಗುತ್ತಿದ್ದರು. “ಹೆಸ್ರು ಪಟ್ಟೀಲಿರ್ಲಿ. ಇವ್ನಿಗೋಸ್ಕರ ಅಲ್ಲಿ ದಪ್ಪದಪ್ಪನೋರನ್ನ ಗುಡ್ಡೆ ಹಾಕ್ತಿದಾರಂತೆ. ಹಾಕ್ಲಿ ಬಿಡಿ.” ಅವರು ನಗುತ್ತಿರುವುದು ನನ್ನ ತಮ್ಮನನ್ನು ನೋಡಿ ಎಂದು ಅವರಿಗೆ ಗೊತ್ತಿಲ್ಲ. ರೋಗಿಗೆ ಗೊತ್ತು. ನಾನೇ ಒಮ್ಮೆ ಹೆಮ್ಮೆಯಿಂದ ಹೇಳಿದ್ದೆ. ಮ್ಯಾನೇಜರ್ ಹೋದ ಮೇಲೆ ಅವನು ಸೂರು ನೋಡುತ್ತಾ ಕೇಳಿದ. “ನಿಮ್ಮ ತಮ್ಮನಿಗೆ ಹೇಳ್ತೀರಾ ಮೇಡಂ? ಮನೇಲಿ ಮಗಳಿಗೇ ಇನ್ನೂ ಹೇಳಿಲ್ಲ. ಅವ್ಳಿಗೆ ಹೇಳೋವರ್ಗೂ ನಾನು ಆಟಗಾರ ಆಗಿರ್ತೀನಿ.” ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಪರದೆ ಎಳೆದ ಮೇಲೆ ಕಂಡದ್ದು ಪರದೆಯ ಆಚೆ ಹೋಗಬಾರದು. ಆ ಸ್ಟೂಲಿನ ಮಾತು ಬರೆದದ್ದೇ ಹೆಚ್ಚಾಯಿತು ಎಂದು ಒಂದು ವಾರ ನನ್ನನ್ನು ನಾನೇ ಬೈದುಕೊಂಡೆ. ನಿನಗೆ ಅರ್ಥವಾಗಲಿಲ್ಲ ಎಂದು ತಿಳಿದಾಗ ಇನ್ನೊಂದು ವಾರ ನಿನ್ನನ್ನು ಬೈದೆ.

ಪುಟ್ಟ ಪೊರಕೆ ಹಿಡಿದು ನಗುತ್ತಾನೆ ಎಂದು ಬರೆದಿದ್ದೀಯಲ್ಲ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗಲೂ ಅವನು ಬಂದವರನ್ನೆಲ್ಲ ನಗಿಸುತ್ತಿದ್ದ. ಅದನ್ನು ನೀನು ಮರೆತೆಯಾ?

ಈ ಕಾಗದವನ್ನು ನಾಳೆ ಬೆಳಿಗ್ಗೆ ಡಬ್ಬಕ್ಕೆ ಹಾಕಿದರೆ ಪಟ್ಟಿ ಕೊಡುವ ಮೊದಲೇ ನಿನ್ನ ಕೈಸೇರುತ್ತದೆ. ಹಾಕುತ್ತೇನೆ. ಮಾತು ಹೋದರೆ ಹೋಗಲಿ.

ಅಕ್ಕ

(ಬೆಳಿಗ್ಗೆ ಡಬ್ಬದವರೆಗೂ ಹೋದೆ. ಆತ ಎದುರಿಗೆ ಕುಂಟುತ್ತಾ ಬರುತ್ತಿದ್ದ. ನನ್ನ ಕೈಯಲ್ಲಿದ್ದ ಲಕೋಟೆಯನ್ನು ನೋಡಿದ. ಕ್ಲಿನಿಕ್‌ನ ಬಾಗಿಲು ತೆರೆದು ಹಿಡಿದು, ನಾನು ಮೊದಲು ಹೋಗಲೆಂದು ಕಾದು ನಿಂತ. ಕಾಗದ ಚೀಲದಲ್ಲೇ ಉಳಿಯಿತು.)


ಜನವರಿ 16

ಅಕ್ಕನಿಗೆ,

ಪಟ್ಟಿ ಕೊಟ್ಟಾಯಿತು. ನಿನ್ನಿಂದ ಸುದ್ದಿಯೇ ಇಲ್ಲ. ಸಿಟ್ಟಿರಬೇಕು. ಗೆದ್ದ ಮೇಲೆ ಸಿಟ್ಟು ಇಳಿಯುತ್ತದೆ ಬಿಡು.

ಪುಟ್ಟ ದಿನವೂ ಬರುತ್ತಾನೆ. ಪಕ್ಕೆಯಲ್ಲಿ ನೀಲಿಗಟ್ಟಿದೆ, ತೋರಿಸಲೊಲ್ಲ. ನಾಲ್ಕು ಮಾತಿನಲ್ಲಿ ಎರಡು ಕಡಿಮೆ ಆಡುತ್ತಾನೆ ಅಷ್ಟೇ, ಉಳಿದಂತೆ ಮೊದಲಿನ ಹಾಗೇ ಇದ್ದಾನೆ.

ತಮ್ಮ


ಮಾರ್ಚ್ 3

ಅಕ್ಕಾ,

ಎರಡೂ ಪಂದ್ಯ ಸೋತೆವು. ಪತ್ರಿಕೆಯಲ್ಲಿ ನೋಡಿರುತ್ತೀಯ.

ಮೊದಲನೆಯದು ನಮ್ಮ ಅಂಗಳದಲ್ಲಿ. ಅವರ ತಂಡ ಬಸ್ಸಿನಿಂದ ಇಳಿಯುವಾಗ ಏಣಿ ಕೊನೆಗೆ ಇಳಿದ. ಕೋಟು ಹಾಕಿದ್ದ, ಕೈಯಲ್ಲಿ ಊರುಗೋಲು. ನಮ್ಮ ಹುಡುಗರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಅವರು ಐದು ಜನ ಚೋಟುದ್ದದ ಹುಡುಗರನ್ನು ಬಿಟ್ಟರು. ಇಲಿ ಹಾದ ಹಾಗೆ ಸಂದಿಸಂದಿಯಲ್ಲಿ ನುಗ್ಗಿದರು. ಬೀರು ತಿರುಗುವಷ್ಟರಲ್ಲಿ ಚೆಂಡು ಬುಟ್ಟಿಯಲ್ಲಿ. ಹಿಂದೆ ಓಡಲಾಗದೆ ಮೂವರೂ ಕೈಗೆ ಸಿಕ್ಕವರನ್ನೆಲ್ಲ ಎಳೆದರು, ನೂಕಿದರು. ಏಣಿಗಾಗಿ ಕೂಡಿಟ್ಟ ಹದಿನೈದು ಫೌಲನ್ನೂ ಆ ಮಕ್ಕಳಿಗೆ ಸುರಿದು, ಆಟ ಮುಗಿಯುವ ಮೊದಲೇ ಮೂವರೂ ಹೊರಗೆ ಬಂದು ಕೂತರು.

ಕೊನೆಯ ಭಾಗದಲ್ಲಿ ನಮ್ಮಲ್ಲಿ ಉಳಿದಿದ್ದ ಒಬ್ಬನೇ ಓಡುವವನ ಪಾದ ಉಳುಕಿತು. ಓಡುವವನು ಬೇಕಾಗಿತ್ತು. ನಾನು ಹಿಂದೆ ತಿರುಗಿ, “ಪುಟ್ಟಾ, ಬಾರೋ” ಎಂದೆ.

ಇಷ್ಟು ವರ್ಷದ ಅಭ್ಯಾಸ, ಅಕ್ಕಾ. ಬಾಯಿ ತಾನಾಗಿ ಹೇಳಿತು. ಅವನು ಬೆಂಚಿನ ಹಿಂದೆ ನೋಡುವವರ ಸಾಲಿನಲ್ಲಿ ಕೂತಿದ್ದ. ಅವನಿಗೂ ಅದೇ ಅಭ್ಯಾಸ. ಎದ್ದ. ನಾಲ್ಕು ಜನರ ಮೊಣಕಾಲು ದಾಟಿಕೊಂಡು ಬಂದ, ಬರುತ್ತಲೇ ಮೇಲಿನ ಅಂಗಿಯನ್ನು ತಲೆಯ ಮೇಲಿಂದ ಎಳೆದು ತೆಗೆದ. ಒಳಗೆ ತಂಡದ ಅಂಗಿ ಇರಲಿಲ್ಲ, ಬನಿಯನ್ ಮಾತ್ರ ಇತ್ತು. ಅವನು ಒಮ್ಮೆ ಎದೆ ಮುಟ್ಟಿ ನೋಡಿಕೊಂಡ. ಅಧಿಕಾರಿಗಳ ಮೇಜಿನಿಂದ ಒಬ್ಬರು ಬೇಡ ಎನ್ನುವಂತೆ ಕೈ ಆಡಿಸಿದರು. ಇಡೀ ಅಂಗಳ ನೋಡುತ್ತಿತ್ತು. ಯಾರೋ ಮೇಲಿನಿಂದ ನಕ್ಕರು. ಅವನು ಅಂಗಿಯನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋದ.

ಎರಡನೆಯ ಪಂದ್ಯಕ್ಕೆ ನಿನ್ನ ಊರಿಗೆ ಬಂದಿದ್ದೆವು. ಪುಟ್ಟ ಬರಲಿಲ್ಲ. ಆ ಪಂದ್ಯದ ವಿಷಯ ಬರೆಯುವಂಥದ್ದೇನಿಲ್ಲ. ಮುಗಿದ ಮೇಲೆ ಏಣಿ ಕೋಲೂರಿಕೊಂಡು ನನ್ನ ಹತ್ತಿರ ಬಂದ. ಅವನ ಕಣ್ಣು ಒದ್ದೆಯಾಗಿತ್ತು. “ಅಕ್ಕನ್ನ ಕೇಳ್ದೆ ಅಂತ ಹೇಳಿ. ಇಷ್ಟು ದಿನ ನನ್ನ ಕಾಲನ್ನ ನಡೆಸ್ಕೊಂಡು ಬಂದಿದ್ದೇ ಅವ್ರು” ಎಂದ.

ನಿನ್ನ ಕ್ಲಿನಿಕ್‌ವರೆಗೆ ನಡೆದು ಬಂದೆ. ನೀನು ಬೆನ್ನು ಮಾಡಿ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದೆ. ಗಾಜಿನಾಚೆ ಮಂಚ ಕಾಣಿಸಿತು, ಅದರ ತುದಿಗೆ ಸ್ಟೂಲು, ಸ್ಟೂಲಿನ ಮೇಲೆ ಎರಡು ದಿಂಬು. ಬಡಗಿಯನ್ನು ಕರೆಸು ಎಂದು ನಾನು ಬರೆದಿದ್ದೆ. ಒಳಗೆ ಬರಲಿಲ್ಲ. ಬಸ್ಸು ಹತ್ತಿದೆ.

ಮನೆಗೆ ಬಂದರೆ ಪುಟ್ಟ ಮಹಡಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಹಾಗೇ ಇದ್ದಾನೆ.

ನೀನು ಒಂದು ಸಾಲು, ಒಂದೇ ಒಂದು ಸಾಲು ನೆಟ್ಟಗೆ ಬರೆಯಬಹುದಿತ್ತು. ನಾನು ನಿನ್ನ ಮಾತು ಕೇಳಿ ಅವನಿಗೊಂದು ಜಾಗ ಇಡಬಹುದಿತ್ತು. ಯಾರನ್ನು ಹೆಚ್ಚು ಬೈಯಲಿ ಎಂದು ಗೊತ್ತಾಗದೆ ಇಬ್ಬರನ್ನೂ ಬೈದುಕೊಳ್ಳುತ್ತಿದ್ದೇನೆ.


ಮಾರ್ಚ್ 12

ತಮ್ಮಾ,

ಜನವರಿಯಲ್ಲಿ ಬರೆದು ಕಳಿಸದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಓದಿದರೆ ನಿನಗೆ ಸಿಟ್ಟು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆದರೂ ಓದು.

ನಾನು ಮಾಡಿದ್ದು ಸರಿ ಎಂದು ಎಲ್ಲರೂ ಹೇಳುತ್ತಾರೆ. ಕ್ಲಿನಿಕ್‌ನ ದೊಡ್ಡ ಡಾಕ್ಟರ್ ಕೂಡ ಹೇಳಿದರು. ಆ ಸರಿ ನನಗೆ ಯಾವ ಉಪಯೋಗಕ್ಕೂ ಬರುತ್ತಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ ಕೈ ನಿಂತುಹೋಗುತ್ತದೆ, ಪುಟ್ಟ ಎದೆ ಮುಟ್ಟಿ ನೋಡಿಕೊಂಡದ್ದು ಕಣ್ಣಿಗೆ ಬರುತ್ತದೆ. ನಾನು ಅಲ್ಲಿರಲಿಲ್ಲ, ಆದರೂ ಬರುತ್ತದೆ.

ಅವನು ಊಟ ಮಾಡುತ್ತಿದ್ದಾನಾ? ಮೊದಲ ಸಲದ ಹಾಗೆ ಶೂ ಹಾಕಿಸಿ ನೋಡು. ನನಗೆ ಗೊತ್ತಿರುವುದು ಅದೊಂದೇ. ಅವನು ಹೂಂ ಎಂದರೆ ನಾನು ಬರುತ್ತೇನೆ. ಬೇಡ ಎಂದರೆ ಬಾಗಿಲ ಹೊರಗೆ ಕೂತಿರುತ್ತೇನೆ.

ಅಕ್ಕ


ಮಾರ್ಚ್ 20

ಅಕ್ಕಾ,

ನಿನ್ನ ಎರಡೂ ಕಾಗದಗಳನ್ನು ಪುಟ್ಟನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮುಚ್ಚಿಟ್ಟು ಮುಚ್ಚಿಟ್ಟು ಇಲ್ಲಿಗೆ ಬಂದಿದ್ದೇವೆ, ಇನ್ನು ಮುಚ್ಚಿಡುವುದಕ್ಕೆ ಏನಿದೆ ಎಂದುಕೊಂಡೆ. ಅವನು ಗೋಡೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದ. ಬೈಯುತ್ತಾನೆ ಎಂದು ಕಾದೆ. ಅಳುತ್ತಾನೆ ಎಂದೂ ಕಾದೆ. ಅವನು ಒಂದೇ ಮಾತು ಕೇಳಿದ.

“ಅವ್ರ ಮಂಡಿ ಈಗ ಹೇಗಿದ್ಯಂತೆ?”

ಎರಡು ತಿಂಗಳು ಪೊರಕೆ ಎತ್ತಿ ಹಿಡಿದು ಆ ಮನುಷ್ಯನ ಹಾಗೆ ನಡೆದವನು, ಅಕ್ಕಾ. ಅವನಿಗೆ ನನ್ನ ಬಗ್ಗೆ ಕೇಳುವುದಕ್ಕೆ ಏನೂ ಇರಲಿಲ್ಲ, ನಿನ್ನ ಬಗ್ಗೆಯೂ ಇರಲಿಲ್ಲ. ಕೇಳಿ ಹೇಳುತ್ತೇನೆ ಎಂದೆ. ಏನು ಹೇಳಲಿ ಅವನಿಗೆ? ಇದೂ ಪರದೆಯ ಒಳಗಿನ ಮಾತೇ?

ಇವತ್ತು ಬೆಳಿಗ್ಗೆ ನೀನು ಹೇಳಿದ ಹಾಗೆ ಶೂ ತೆಗೆದುಕೊಂಡು ಹೋದೆ. ಅವನು ಬೇಡ ಅನ್ನಲಿಲ್ಲ, ಕಾಲು ಎಳೆದುಕೊಳ್ಳಲೂ ಇಲ್ಲ. ಎತ್ತಿದರೆ ಎತ್ತಿಸಿಕೊಂಡ, ಬಿಟ್ಟರೆ ಬಿಟ್ಟಲ್ಲಿ ಬಿತ್ತು. ಎರಡೂ ಕಾಲಿಗೆ ಹಾಕಿ, ಲೇಸು ಕಟ್ಟಿ, “ಏಳೋ ಪುಟ್ಟ, ಹೋಗೋಣ” ಎಂದೆ. ಇನ್ನೊಂದು ಸಲವೂ ಹೇಳಿದೆ.

ಈಗ ಸಂಜೆಯಾಗಿದೆ. ಶೂ ಹಾಕಿಕೊಂಡೇ ಮಲಗಿದ್ದಾನೆ. ಬಿಚ್ಚಲು ನನಗೆ ಕೈ ಬರುತ್ತಿಲ್ಲ. ನೀನು ಬಾ.

ತಮ್ಮ